ಗುರುವಾರದ ಬರೆಯುವ ಕೋಣೆ

ವಿಶ್ವವಿದ್ಯಾಲಯದ ಗ್ರಂಥಾಲಯ, ಎರಡನೆಯ ಮಹಡಿ
ಗುರುವಾರ, ಮಾರ್ಚ್ ೧೪

ನನ್ನ ಮುದ್ದಿನ ಗುಂಡೀ,

ಹೇಗಿದ್ದೀಯೇ? ಗಂಟಲು ನೋವು ಇಳಿಯಿತಾ? ಚಿಕ್ಕಮ್ಮನ ಮನೆಯಲ್ಲಿ ಹೊತ್ತೇರುವವರೆಗೆ ಮಲಗಿರುತ್ತೀಯಂತೆ, ಎದ್ದ ಮೇಲೂ ಕಿಟಕಿಯ ಪರದೆ ಸರಿಸುವುದಿಲ್ಲವಂತೆ. ನನ್ನ ಚಿಕ್ಕ ಮಗಳ ಬಾಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ, ನಿನಗೆ ಗೊತ್ತಿರುವುದೇ. ಬಿಸಿನೀರು ಕುಡಿ, ತಲೆ ಬಾಚಿಕೋ. ಇಲ್ಲಿ ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಆದರೆ ಊಟಕ್ಕೆ ಕೂತಾಗ ನಿನ್ನ ಕುರ್ಚಿಯ ಕಡೆ ನೋಡದೆ ಇರುವುದಕ್ಕೆ ಬಹಳ ಕಷ್ಟಪಡುತ್ತಾಳೆ. ನನ್ನ ಮಂಡಿಯ ಕಥೆ ಹಳೆಯದೇ, ಅದನ್ನು ಬಿಡು.

ಮೇಲೆ ಬರೆದ ವಿಳಾಸ ನೋಡಿ ಕಣ್ಣುಜ್ಜಿಕೊಂಡಿರುತ್ತೀಯ. ಹೌದು, ನಿನ್ನ ಗ್ರಂಥಾಲಯದಲ್ಲೇ ಕೂತು ಬರೆಯುತ್ತಿದ್ದೇನೆ. ಜೀವಮಾನವೆಲ್ಲ ಹೊಲಿಗೆ ಅಂಗಡಿಯಲ್ಲಿ ಕಳೆದವಳಿಗೆ ಅಲ್ಲೇನು ಕೆಲಸ ಎಂದು ಕೇಳಬೇಡ, ಕಳಿಸಿದವಳು ನೀನೇ. “ಅಜ್ಜಿ, ನನ್ನ ಮೇಜಿನ ಮೇಲಿರೋ ಪುಸ್ತಕ ಎಲ್ಲಾ ವಾಪಸ್ ಕೊಟ್ಟು ನೋ-ಡ್ಯೂ ಚೀಟಿ ತಗೊಂಡ್ಬಿಡು. ಆಮೇಲೆ ನಾನು ಹೆಸರು ತೆಗೆಸ್ತೀನಿ,” ಅಂದೆಯಲ್ಲ ಫೋನಿನಲ್ಲಿ. ಅಮ್ಮನನ್ನು ಕೇಳಲು ಧೈರ್ಯ ಸಾಲದೆ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದೆ. ಆ ಚೀಟಿ ಕೈಗೆ ಬಂದರೆ ನಿನ್ನ ಓದು ಮುಗಿದ ಹಾಗೆ, ಹಳೆಯ ಬಾವಿಗಳ ಮೇಲೆ ಬರೆಯುತ್ತಿದ್ದ ಪ್ರಬಂಧ ಅರ್ಧಕ್ಕೇ ನಿಂತ ಹಾಗೆ ಎಂದು ನನಗೂ ಗೊತ್ತಿತ್ತು. ಆದರೂ ಹೂಂ ಅಂದೆ. ನೀನು ಅಳುವಾಗ ಇಲ್ಲ ಅನ್ನುವ ಗಟ್ಟಿತನ ನನಗೆ ಯಾವತ್ತಿತ್ತು? ಮಗುವಾಗಿದ್ದಾಗ ಅಂಗಡಿಯಲ್ಲಿ ಕೋಟಿನ ಗುಂಡಿ ನುಂಗಿ ರಂಪ ಮಾಡಿದೆ, ಆಗಲೂ ನಿನ್ನ ಜೊತೆ ಕೂತು ನಾನೂ ಅತ್ತವಳೇ. ನಿನಗೆ ಆ ಹೆಸರು ಉಳಿಯಿತು, ನನಗೆ ಆ ಬುದ್ಧಿ ಉಳಿಯಿತು.

ಸರಿ, ಹೋದ ಗುರುವಾರ ಆ ಹೆಣಭಾರದ ಚೀಲ ಹೊತ್ತುಕೊಂಡು ಬಂದೆ. ಬಾಗಿಲಲ್ಲಿ ಕೇಳಿದರೆ ಮೇಲೆ ಹೋಗಿ ಅಂದರು. ಮೇಲೆ ಬಂದರೆ ಒಂದು ಕೋಣೆಯಲ್ಲಿ ಜನ ಸಾಲಾಗಿ ಕೂತಿದ್ದಾರೆ, ಒಬ್ಬೊಬ್ಬರ ಮುಂದೆಯೂ ಒಂದು ಚೀಟಿ, ತುಟಿಪಿಟಕ್ಕೆನ್ನುವವರಿಲ್ಲ. ಚೀಟಿ ಕಂಡ ಮೇಲೆ ಇನ್ನೇನು ಕೇಳುವುದು? ಸರದಿ ಇದೇ ಎಂದು ನಾನೂ ಕೊನೆಯ ಕುರ್ಚಿ ಹಿಡಿದೆ. ಒಬ್ಬಾಕೆ ಬಂದು ನನಗೂ ಒಂದು ಖಾಲಿ ಚೀಟಿ ಕೊಟ್ಟು, ಬುಟ್ಟಿ ಚಾಚಿ ಫೋನು ಹಾಕಿ ಅಂದರು. ಹಾಕಿದೆ. ಕಚೇರಿಗಳಲ್ಲಿ ಇದಕ್ಕಿಂತ ವಿಚಿತ್ರದ ನಿಯಮ ನೋಡಿದ್ದೇನೆ. ಆಮೇಲೆ ಕೂತೇ ಕೂತೆ, ಯಾರ ಹೆಸರನ್ನೂ ಕರೆಯಲಿಲ್ಲ. ಪಕ್ಕದಲ್ಲಿದ್ದ ಗಡ್ಡದವನನ್ನು ಇನ್ನೆಷ್ಟು ಹೊತ್ತಪ್ಪಾ ಎಂದು ಮೆಲ್ಲಗೆ ಕೇಳಿದರೆ, ಅವನು ಪಾಪ, ಗೋಡೆಯ ಗಡಿಯಾರ ತೋರಿಸಿ ಮತ್ತೆ ತಲೆ ತಗ್ಗಿಸಿದ.

ಗಂಟೆ ಬಾರಿಸಿದ ಮೇಲೆ ಗೊತ್ತಾಯಿತು, ಅದು ಸರದಿಯಲ್ಲ, ಬರೆಯುವ ಕೂಟ. ಪ್ರಬಂಧ ಮುಂದಕ್ಕೆ ಸಾಗದೆ ಒದ್ದಾಡುವವರಿಗಾಗಿ ಗ್ರಂಥಾಲಯದವರು ಪ್ರತಿ ಗುರುವಾರ ನಡೆಸುತ್ತಾರೆ. ಇವತ್ತು ಇಷ್ಟು ಮಾಡುತ್ತೇನೆ ಎಂದು ಮೊದಲು ಚೀಟಿಯಲ್ಲಿ ಬರೆದಿಡಬೇಕು, ಕೊನೆಗೆ ಏನಾಯಿತೆಂದು ಎಲ್ಲರೆದುರು ಹೇಳಬೇಕು. ಗಡ್ಡದವನು ಎದ್ದು ನಿಂತು, ಒಂದು ಪುಟ ಬರೆದೆ, ಪೂರ್ತಿ ಹೊಡೆದುಹಾಕಿದೆ ಅಂದ. ಇನ್ನೇನು ಮಂಗಳಾರತಿ ಆಗುತ್ತದೆ ಅಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು ಕಣೇ! ಗೇಲಿಗಲ್ಲ, ನಿಜವಾಗಿಯೂ. ಅವನೂ ನಗುತ್ತಾ ಕೂತ. (ಗಾಬರಿಯಾಗಬೇಡ, ವಿಚಾರಿಸಿದ್ದೇನೆ, ಅವನಿಗೆ ಮದುವೆಯಾಗಿದೆ.) ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು, “ಮೊಮ್ಮಗಳ ಪುಸ್ತಕ ವಾಪಸ್ ಕೊಡೋಕೆ ಬಂದೆ. ಅವಳು ಓದು ಬಿಡ್ತಿದ್ದಾಳೆ,” ಅಂದೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಯಾರೋ ನೀರಿನ ಬಾಟಲಿ ಮುಂದಿಟ್ಟರು.

ಬುಟ್ಟಿ ಹಿಡಿದಿದ್ದವರು ಗ್ರಂಥಪಾಲಕಿಯಂತೆ. ನನ್ನನ್ನು ತಮ್ಮ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ, ನೀನು ಯಾಕೆ ಬಿಡುತ್ತಿದ್ದೀಯ ಎಂದು ಕೇಳಿದರು. ಮೂರನೆಯ ಅಧ್ಯಾಯವನ್ನು ನಿಮ್ಮ ಗೈಡ್ ಎಲ್ಲರೆದುರು ತೆಗಳಿ, ಪುಟದ ತುಂಬ ಕೆಂಪು ಗೀಟು ಹಾಕಿ ಎಸೆದ ಹಾಗೆ ಕೊಟ್ಟರೆಂದು ಹೇಳಿದೆ. ಆಕೆ ಮೂಲೆಯ ಸಣ್ಣ ಕೋಣೆ ತೋರಿಸಿದರು. ಅಲ್ಲಿ ಒಬ್ಬರು ಕೂತಿರುತ್ತಾರಂತೆ, ಸಮಯ ಗೊತ್ತುಮಾಡಿಕೊಂಡು ಹೋದರೆ ಒಂದೊಂದು ಕೆಂಪು ಗೀಟನ್ನೂ ಜೊತೆಯಲ್ಲಿ ಕೂತು ಓದಿ, ಏನು ತಿದ್ದಬೇಕು, ಯಾವ ಪುಸ್ತಕ ನೋಡಬೇಕು ಎಂದು ಬಿಡಿಸಿ ಹೇಳುತ್ತಾರಂತೆ. ಲ್ಯಾಪ್‌ಟಾಪ್ ಕೆಟ್ಟವರಿಗೆ ಇಲ್ಲೇ ಎರವಲು ಸಿಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮನಸ್ಸು ಹಗುರಾಗಲೆಂದು ಒಂದು ದಿನ ಹರಿದ ಚೀಲ, ಕೋಟು, ಕಿತ್ತ ಜಿಪ್ಪುಗಳನ್ನು ಎಲ್ಲರೂ ಕೂತು ಸರಿಮಾಡುತ್ತಾರೆ. ನಾನು ಟೈಲರ್ ಎಂದು ತಿಳಿದದ್ದೇ ತಡ, ನೀವೇ ಬಂದು ಹೇಳಿಕೊಡಿ ಎಂದು ಆಕೆ ಹಿಡಿದ ಪಟ್ಟು ಬಿಡಲಿಲ್ಲ. ಒಪ್ಪಿಕೊಂಡೆ. ಇಷ್ಟೆಲ್ಲ ಇರುವ ಕಡೆಯಿಂದ ನೀನು ಪುಸ್ತಕ ತಂದು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಗುಂಡೀ, ಮೊದಲ ಟ್ರಯಲ್‌ಗೇ ಸರಿಯಾಗಿ ಕೂತ ಕೋಟನ್ನು ನಾನು ಈ ಜನ್ಮದಲ್ಲಿ ಹೊಲಿದಿಲ್ಲ. ತೋಳು ಬಿಚ್ಚುವುದು, ಸೀಮೆಸುಣ್ಣದ ಗುರುತು ನೋಡಿಕೊಂಡು ಮತ್ತೆ ಹೊಲಿಯುವುದು, ಅರ್ಧ ಆಯುಷ್ಯ ಇದೇ ಆಯಿತು. ತೋಳು ಬಿಗಿ ಅಂದ ಗಿರಾಕಿ ತೋಳಿನ ಮಾತಾಡಿದ್ದು, ನನ್ನ ಮಾತಲ್ಲ. ನಿಮ್ಮ ಗೈಡ್ ಎಲ್ಲರೆದುರು ಹಾಗೆ ಅಂದದ್ದು ತಪ್ಪೇ, ಅದನ್ನು ನಾನು ಒಪ್ಪುವುದಿಲ್ಲ. ಸಿಕ್ಕರೆ ನಾಲ್ಕು ಮಾತು ಕೇಳದೆ ಬಿಡುವವಳೂ ಅಲ್ಲ. ಆದರೆ ಆ ಬಾವಿಗಳ ವಿಷಯ ಹೇಳುವಾಗ ನಿನ್ನ ಮುಖ ಎಷ್ಟು ಅರಳುತ್ತಿತ್ತು ಎಂದು ನಿನಗೆ ಗೊತ್ತಿಲ್ಲ, ನೋಡುತ್ತಿದ್ದವಳು ನಾನು. ಆ ಮುಖ ನನಗೆ ಮತ್ತೆ ಬೇಕು. ನೀನು ಓದಿದರೂ ಬಿಟ್ಟರೂ ನನ್ನ ಗುಂಡಿಯೇ, ಅದರಲ್ಲಿ ಎರಡು ಮಾತಿಲ್ಲ.

ಇವತ್ತು ನನ್ನ ಚೀಟಿಯಲ್ಲಿ “ಮೊಮ್ಮಗಳಿಗೆ ಕಾಗದ ಮುಗಿಸುವುದು” ಎಂದು ಬರೆದಿಟ್ಟಿದ್ದೇನೆ. ಗ್ರಂಥಪಾಲಕಿ ಆಗಲೇ ಗಂಟೆ ಕೈಗೆ ತೆಗೆದುಕೊಂಡರು. ಚಿಕ್ಕಮ್ಮನಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದೇನೆ ಅಂದುಕೋ, ನೂರು ಕಾಲ ನಗುನಗುತ್ತಾ ಬಾಳು.

ಇತಿ,
ನಿನ್ನ ಅಜ್ಜಿ

ಲಕೋಟೆ ಅಂಟಿಸುವ ಮುಂಚೆ ಒಂದು ಮಾತು: ನೋ-ಡ್ಯೂ ಚೀಟಿ ತೆಗೆದುಕೊಂಡಿಲ್ಲ. ಏಳು ಪುಸ್ತಕಗಳೂ ಮತ್ತೆ ನಿನ್ನ ಮೇಜಿನ ಮೇಲೇ ಇವೆ. ಬೇರೆ ಯಾರೂ ಕೇಳಿಲ್ಲವೆಂದು ಗ್ರಂಥಪಾಲಕಿ ನಿನ್ನ ಹೆಸರಿನಲ್ಲೇ ಅವಧಿ ಮುಂದುವರಿಸಿಕೊಟ್ಟರು. ವಾಪಸ್ ಕೊಡಲೇಬೇಕು ಅನ್ನಿಸಿದರೆ ನಾನು ಅಡ್ಡ ಬರುವುದಿಲ್ಲ, ಆದರೆ ಅದು ನಿನ್ನ ಕೈಯಿಂದಲೇ ಆಗಲಿ. ಕೋಪ ಬಂದಿರುತ್ತದೆ, ಬರಲಿ. ಫೋನಿನಲ್ಲಿ ಬೈಯಬೇಡ, ಅದು ಬುಟ್ಟಿಯಲ್ಲಿರುತ್ತದೆ. ಗುರುವಾರ ಬೆಳಿಗ್ಗೆ ಇಲ್ಲಿಗೇ ಬಾ, ಕುರ್ಚಿಯ ಮೇಲೆ ಚೀಲ ಇಟ್ಟು ಜಾಗ ಹಿಡಿದಿರುತ್ತೇನೆ. ಈ ಕೋಣೆಯಲ್ಲಿ ಮಾತಾಡುವಂತಿಲ್ಲ, ನನ್ನ ಪಕ್ಕದಲ್ಲಿ ಕೂತು ಬರೆದೇ ಬೈಯಬೇಕು.