ಕಾಳು ಕಾಳಾಗಿ ಬಿಟ್ಟದ್ದು

ಜೂನ್ 27, ಶುಕ್ರವಾರ. ಸ್ಫಾಕ್ಸ್.

ಮಾತ್ರೆಯಿಲ್ಲದೆ ಇವತ್ತಿಗೆ ಇಪ್ಪತ್ತೆಂಟು ದಿನ. ಬರೆದು ಇನ್ನೊಮ್ಮೆ ಓದಿಕೊಂಡೆ.

ಖಿನ್ನತೆಗೆಂದು ಹನ್ನೊಂದು ವರ್ಷ ನುಂಗಿದ ಮಾತ್ರೆ. ಹಿಂದೊಮ್ಮೆ ಧಿಮಾಕು ಮಾಡಿ ಒಂದೇ ದಿನಕ್ಕೆ ಬಿಟ್ಟೆ. ತಲೆಯೊಳಗೆ ಕರೆಂಟು ಹೊಡೆದಂತಾಗಿ ಬಚ್ಚಲಲ್ಲಿ ಬಿದ್ದೆ. ಈ ಸಲ ಡಾಕ್ಟರ್ ರಫೀಕಾ ಹೇಳಿದ ಹಾಗೇ ನಡೆದೆ. ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಕಾಳುಗಳಲ್ಲಿ ಅವರು ಹೇಳಿದಷ್ಟನ್ನೇ ತೆಗೆದು, ಉಳಿದದ್ದನ್ನು ನುಂಗುವುದು. ತಲೆ ತಿರುಗಿದರೆ ಇನ್ನಷ್ಟು ಇಳಿಸದೆ ಕಾಯುವುದು. ಎರಡು ವರ್ಷ ಹಿಡಿಯಿತು.

"ಕುಸ್ಕುಸ್ ರವೆ ಆರಿಸ್ತಿದ್ದೀಯೇನೇ? ಇಷ್ಟೊತ್ತಿಗೆ ನಾನು ಇಡೀ ಬೀದಿಗೆ ಊಟ ಹಾಕ್ತಿದ್ದೆ!" ಅಂತ ಅತ್ತೆ ದೂಜಾ ಅಣಕಿಸೋರು. ಬಂದವರ ಮುಂದೆ ಮಾತ್ರ, "ರಕ್ತ ಕಮ್ಮಿ, ಅದಕ್ಕೆ ಮಾತ್ರೆ" ಅನ್ನೋರು.

ಬೆಳಿಗ್ಗೆ ಡಾಕ್ಟರ್, "ಇನ್ನು ಮಾತ್ರೆ ಬೇಡ. ತಿಂಗಳಿಗೊಮ್ಮೆ ಬಂದು ಮುಖ ತೋರಿಸು" ಅಂದರು. ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಹಿಟ್ಟಿನ ಕೈಯಲ್ಲೇ ಬಾಲ್ಕನಿಗೆ ಓಡಿ, ನಾಲಿಗೆ ಕುಣಿಸಿ ಲೂಲೂಲೂ ಅಂತ ಖುಷಿಯ ಕೂಗು ಹಾಕಿದರು. ಪರೀಕ್ಷೆಯ ಫಲಿತಾಂಶ ಬಂದಿರುವುದರಿಂದ ಈ ವಾರವೆಲ್ಲ ಬೀದಿಯಲ್ಲಿ ಇದೇ ಕೂಗು.

ಎದುರು ಮನೆಯ ಶಾದ್ಲಿಯಾ ಇಣುಕಿದಳು. "ಯಾರು ಪಾಸಾದ್ರು ದೂಜಕ್ಕಾ? ನಿಮ್ಮನೇಲಿ ಓದೋ ಮಕ್ಕಳೇ ಇಲ್ವಲ್ಲ!"

"ನನ್ನ ಸೊಸೆ ಕಣೇ! ಹನ್ನೊಂದು ವರ್ಷ ಮನಸ್ಸಿಗೆ ಮಾತ್ರೆ ತಗೊಂಡಿದ್ಲು. ಈಗ ಬಿಟ್ಟು ಗೆದ್ಲು!"

ಇಡೀ ಬೀದಿಗೇ ಕೇಳಿಸಿತು. ನಾನು ಪರದೆಯ ಹಿಂದೆ ಬೆವತುಹೋದೆ. ಶಾದ್ಲಿಯಾ ಮುಂದಕ್ಕೆ ಬಾಗಿ ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ದೂಜಕ್ಕಾ, ಆ ಡಾಕ್ಟರ ಹೆಸರೇನು?"