ಒಡಪಿನ ಕಟ್ಟೆಯ ಕೊನೆಯ ಕಂತು

ರಾಣೆಬೆನ್ನೂರು
ಫೆಬ್ರುವರಿ 30, 2219

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಟೀವಿ ಎನ್ನುತ್ತಿದ್ದುದನ್ನು ನಾವು ಗೋಡೆ ಎನ್ನುತ್ತೇವೆ, ಏಕೆಂದರೆ ಈಗ ಮನೆಯ ಗೋಡೆಯೇ ಮಾತಾಡುತ್ತದೆ. ನಾನು ಚಿಕ್ಕವಳಿದ್ದಾಗ ಅದರಲ್ಲಿ ‘ಒಡಪಿನ ಕಟ್ಟೆ’ ಎಂಬ ಒಗಟಿನ ಆಟ ಬರುತ್ತಿತ್ತು. ಮೂರು ತಲೆಮಾರು ನಡೆದ ಆಟ. ಎರಡು ಮನೆಯವರು ಎದುರುಬದುರು ಕೂತು, ಒಬ್ಬರು ಒಡಪು ಹಾಕಿದರೆ ಇನ್ನೊಬ್ಬರು ಒಡೆಯಬೇಕು. ಒಡೆದರೆ ಹಾಕಿದವರಿಗೆ ಸೋಲು, ಇಲ್ಲದಿದ್ದರೆ ಒಡೆಯದವರಿಗೆ. ಸೋತವರು ಗೆದ್ದವರಿಗೆ ತಮ್ಮ ಊರು ಕೊಡಬೇಕು. ಮುಂದಿನ ವಾರದವರೆಗೆ ಆ ಊರು ಅವರದು. ಹಾಗೆ ನಮ್ಮ ಓಣಿಯ ಟೇಲರೊಬ್ಬರು ಒಂದು ವಾರ ಇಡೀ ಮೈಸೂರಿನ ಮಾಲೀಕರಾಗಿದ್ದರು. ಅರಮನೆಗೆ ಬಣ್ಣ ಹೊಡೆಸಿ ಎಂದು ಓಣಿಯವರೆಲ್ಲ ಅವರನ್ನು ಕಾಡಿದ್ದರು.

ಆಮೇಲೆ ಕಿವಿಮಣಿ ಬಂತು. ಮುತ್ತಿನಷ್ಟು ಸಣ್ಣದು, ಏನು ಕೇಳಿದರೂ ಕಿವಿಯಲ್ಲೇ ಉತ್ತರ ಪಿಸುಗುಟ್ಟುತ್ತದೆ. ಆಡುವವರು ಅದನ್ನು ತೆಗೆದಿಟ್ಟರೂ ನೋಡುವವರ ಕಿವಿಯಲ್ಲಿ ಇರುತ್ತಿತ್ತು. ಯೋಚಿಸುವ ಮೊದಲೇ ಉತ್ತರ ಸಿಕ್ಕರೆ ಆಟ ಯಾರಿಗೆ ಬೇಕು? ನಿಲ್ಲಿಸುವುದೆಂದಾಯಿತು. ನಡೆಸಿಕೊಡುತ್ತಿದ್ದ ಸೋಮಲಿಂಗ ಎಂಬವರು ಕೊನೆಯ ಕಂತಿಗೆ ಹೊಸ ನಿಯಮ ಮಾಡಿದರು: ಮನೆಯಲ್ಲೇ ಹುಟ್ಟಿದ, ಎಲ್ಲೂ ಬರೆದಿಡದ ಒಡಪು ಮಾತ್ರ ಹಾಕಬೇಕು.

ಆ ಕಂತಿಗೆ ನನ್ನಜ್ಜಿ ಶಂಕ್ರಮ್ಮ ಆಡಲು ಹೋದಳು, ನೋಡಲು ನಾನೂ ಹೋದೆ. ಎದುರಿಗೆ ಚಿಂತಾಮಣಿಯ ಹಫೀಜಾ ಬೇಗಂ ಮತ್ತು ಅವರ ಮಕ್ಕಳು. ಅಜ್ಜಿ ಹಾಕಿದಳು: “ನಿನ್ನೆಯ ಅಜ್ಜಿ ಇವತ್ತಿನ ಕೂಸಿನ್ನ ಮಲಗಿಸಿದ್ಲು. ಬೆಳಗಾದ್ರ ಕೂಸೇ ಅಜ್ಜಿ.”

ನನ್ನ ಕಿವಿಮಣಿ ಸುಮ್ಮನಿತ್ತು. ಸುತ್ತ ಕೂತವರೆಲ್ಲ ತಲೆ ಕೆರೆದುಕೊಳ್ಳತೊಡಗಿದರು. ಎಷ್ಟೋ ವರ್ಷಗಳ ಮೇಲೆ ಜನ ಹಾಗೆ ಯೋಚಿಸುವುದನ್ನು ನೋಡಿದೆ.

“ಹೆಪ್ಪು,” ಎಂದರು ಹಫೀಜಾ. “ಹಾಲಿಗೆ ಹಾಕೋ ಹೆಪ್ಪು.”

“ನಿಮಗ ಹೆಂಗ ಗೊತ್ತಾತ್ರೀ?”

“ನಮ್ಮಮ್ಮ ಹೇಳ್ತಿದ್ರು. ಅವರ ತವರು ರಾಣೆಬೆನ್ನೂರು. ಪಕ್ಕದ ಮನೆ ಗೆಳತಿ ಜೊತೆ ಸೇರಿ ಕಟ್ಟಿದ್ದಂತೆ. ಮದುವೆ ಆದ್ಮೇಲೆ ಮತ್ತೆ ನೋಡಲೇ ಇಲ್ಲ. ಆ ಗೆಳತಿ ಹೆಸರು ಗೌರಮ್ಮ ಅಂತ.”

ಗೌರಮ್ಮ ನನ್ನಜ್ಜಿಯ ತಾಯಿ. ಊರು ಕೊಡಬೇಕೆಂದು ಸೋಮಲಿಂಗ ಮೆಲ್ಲಗೆ ನೆನಪಿಸಿದಾಗ ಅಜ್ಜಿ, “ಕೊಡೂದೇನ್ರಿ, ಅದು ಮೊದ್ಲ ಇವರ ಅವ್ವನ ಊರು,” ಎಂದು ಎದ್ದು ಹೋಗಿ ಹಫೀಜಾರ ಕೈ ಹಿಡಿದುಕೊಂಡಳು.

ಕಟ್ಟೆ ಆದರೂ ಮುಚ್ಚಿತು. ಆ ಇಬ್ಬರು ಮಾತ್ರ ಬದುಕಿರುವವರೆಗೆ ಹೋಗಿಬಂದು ಮಾಡಿದರು. ನನ್ನ ಮೊಮ್ಮಕ್ಕಳು ಈಗ ನನ್ನನ್ನು ಏನೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೇ ಅವರಿಗಿಲ್ಲ. ನಿಮ್ಮಲ್ಲಿ ಮಕ್ಕಳು ಸೆರಗು ಹಿಡಿದು ‘ಇದೇನು ಹೇಳು’ ಎಂದು ಇನ್ನೂ ಪೀಡಿಸುತ್ತಾರಂತೆ. ಕೆಲಸವಿದ್ದರೂ ಅವರ ಪಕ್ಕ ಸ್ವಲ್ಪ ಕೂತುಕೊಳ್ಳಿ. ಗೊತ್ತಿದ್ದರೂ ತಕ್ಷಣ ಹೇಳಿಬಿಡಬೇಡಿ.

ಇಂತಿ ನಿಮ್ಮ ಮುಂದಿನವಳು,
ಕಮಲಾಕ್ಷಿ ಪತ್ತಾರ