ಕಳ್ಳರ ಊರಿಗೆ ಒಯ್ದ ಬೀಗ

ಮಗಳ ಮನೆ,
ಗುರುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಹೇಳುವವರಿಲ್ಲವೆಂದು ಶೀಸೆಯನ್ನು ಹಾಗೇ ಇಟ್ಟಿದ್ದೀಯೋ? ಮಲಗುವ ಮುಂಚೆ ಎಲ್ಲ ಬೀಗ ಹಾಕಿ, ಒಮ್ಮೆ ಎಳೆದು ನೋಡುತ್ತೀಯೆಂದು ನಂಬಿದ್ದೇನೆ. ನಾನು ಕ್ಷೇಮ. ಮಗಳೂ ಕ್ಷೇಮ. ಅದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಆದ್ದರಿಂದ ಮುಂದಿನದನ್ನು ನಿಧಾನವಾಗಿ ಓದು. ಪತ್ರ ಕೈಗೆ ಬಂದ ಕೂಡಲೇ ಕಡೆಯ ಸಾಲಿಗೆ ಹಾರುವ ನಿನ್ನ ಚಾಳಿ ಈ ಸಲ ಬೇಡ.

ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ನಾನು ಎರಡನ್ನೂ ಮಾಡದೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೀಗ ಮಾಡುತ್ತಲೇ ತಲೆ ನರೆಸಿಕೊಂಡವನು. ಈ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ದೊಡ್ಡಪ್ಪ ಹೇಳಿದ್ದು: "ಅಲ್ಲಿಯೋರು ನಡೀತಾ ಇರೋನ ಕಾಲಿಂದ ಚಪ್ಪಲಿ ಕದೀತಾರೆ ಕಣೋ." ದೊಡ್ಡಪ್ಪ ಇಲ್ಲಿಗೆ ಬಂದೇ ಇರಲಿಲ್ಲ ಎಂಬುದು ಬೇರೆ ಮಾತು. ನಮ್ಮ ಮಗಳು ಹೋಗಿ ಹೋಗಿ ಇದೇ ಊರಿನ ಲಾರಿ ಡ್ರೈವರನ್ನು ಮದುವೆಯಾಗಬೇಕೆ! ಅಳಿಯ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗಿಲ್ಲ, ಬಸುರಿ ಹುಡುಗಿ ಕಳ್ಳರ ನಡುವೆ ಒಬ್ಬಳೇ. ಹೆರಿಗೆಗೆ ಇನ್ನೂ ತಿಂಗಳಿರುವಾಗಲೇ ಅವಳನ್ನು ಕರೆತರುತ್ತೇನೆಂದು ನಿನಗೆ ಮಾತು ಕೊಟ್ಟು ಹೊರಟೆ. ಚೀಲದಲ್ಲಿದ್ದದ್ದು ಒಂದಷ್ಟು ಬಟ್ಟೆ, ಮತ್ತೆ ನಾನೇ ಮಾಡಿದ, ಯಾವ ಕಳ್ಳನ ಕೈಗೂ ಬಗ್ಗದ ಏಳು ಲಿವರಿನ ಬೀಗ.

ಬಸ್ಸಿಳಿದ ಗಳಿಗೆಯಿಂದ ಮೈಯೆಲ್ಲ ಕಣ್ಣಾಗಿದ್ದೆ. ಕೆಂಪು ಟೋಪಿಯವನೊಬ್ಬ, ಕೇಳದೆಯೇ, ಬಸ್ಸಿನ ಮೇಲಿಂದ ನನ್ನ ಚೀಲ ಇಳಿಸಿಕೊಟ್ಟು ನಕ್ಕ. ಚಿಲ್ಲರೆ ಕೊಟ್ಟರೆ ಬೇಡವೆಂದ. ಅತಿ ವಿನಯಂ ಧೂರ್ತ ಲಕ್ಷಣಂ! ಮೂಲೆಗೆ ಹೋಗಿ ಚೀಲ ಬಿಚ್ಚಿ ನೋಡಿದೆ. ಎಲ್ಲ ಇತ್ತು, ಅದೇ ನನ್ನ ಅನುಮಾನವನ್ನು ಹೆಚ್ಚಿಸಿತು. ಆಸಾಮಿ ನಾನು ತಿರುಗಿದ ಕಡೆಯೆಲ್ಲ ತಿರುಗುತ್ತ ಮಗಳ ಬೀದಿಗೇ ಬಂದ. ಅಳಿಯನ ಜೊತೆ ಲಾರಿ ಓಡಿಸುವವನಂತೆ, ಇದೇ ಬೀದಿಯವನಂತೆ. ದಾರಿಯಲ್ಲಿ ಒಂದು ಪಾತ್ರೆ ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ಯಜಮಾನ ಊಟಕ್ಕೆ ಹೋಗಿದ್ದ, ಹೊಸ್ತಿಲಿಗೆ ಅಡ್ಡಲಾಗಿ ಒಂದು ಪೊರಕೆ ಮಲಗಿಸಿದ್ದ, ಅಷ್ಟೇ. ಇಂಥ ಊರಲ್ಲಿ ನನ್ನ ಕಸುಬಿನವನು ಬದುಕಿದ ಹಾಗೇ. ಹೊಸಬರನ್ನು ಸಿಕ್ಕಿಸಲು ಒಡ್ಡಿದ ಬಲೆ ಇರಬೇಕೆಂದು ರಸ್ತೆಯ ಆಚೆ ಬದಿಗೆ ದಾಟಿ ನಡೆದೆ.

ಮರುದಿನ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಾಗ, ಹಾಕಿದ್ದ ಬಾಗಿಲು ಕಟಕ್ಕೆಂದು ತೆರೆದು, ದಪ್ಪ ಕನ್ನಡಕದ ಹೆಂಗಸೊಬ್ಬಳು ಹಾಲಿನ ಪಾತ್ರೆ ಹಿಡಿದು ನೇರವಾಗಿ ಅಡಿಗೆಮನೆಗೆ ನಡೆದಳು. ನಾನು ಸೌಟು ಎತ್ತಿ ಹಿಡಿದು ನಿಂತೆ. ನೋಡಿದರೆ ಎದುರುಮನೆಯಲ್ಲಿ ಬಟ್ಟೆ ಹೊಲಿಯುವಾಕೆ. "ನಾನೇ ಕೀಲಿ ಕೊಟ್ಟಿರೋದಪ್ಪಾ. ಅವರ ಮನೇದು ನನ್ನ ಹತ್ರ ಇದೆ," ಎಂದು ಮಗಳು ನಕ್ಕಳು. ಈ ಬೀದಿಯ ಪದ್ಧತಿಯೇ ಹಾಗಂತೆ: ಒಂದು ಮನೆಯ ಇನ್ನೊಂದು ಕೀಲಿ ಎದುರುಮನೆಯ ಮೊಳೆಯಲ್ಲಿ. ಬೀಗದವನ ಮಗಳು ಆಡುವ ಮಾತೇ ಇದು? ತೋಳನನ್ನು ಕುರಿ ಕಾಯಲು ಬಿಟ್ಟ ಹಾಗಾಯಿತು. ನಮ್ಮ ಎದುರುಮನೆಯವರು ಇಷ್ಟು ವರ್ಷದಲ್ಲಿ ನಮ್ಮ ಕೀಲಿಯನ್ನು ಕಣ್ಣಲ್ಲಾದರೂ ಕಂಡಿದ್ದಾರೆಯೇ? ಊರಿಗೆ ಹೋಗೋಣ ಬಾ ಎಂದರೆ, "ನಾನು ಬರಲ್ಲ," ಎಂದು ಮುಖ ತಿರುಗಿಸಿದಳು. ಹಟದಲ್ಲಿ ಥೇಟ್ ನೀನೇ.

ನಿನ್ನೆ ಮಧ್ಯಾಹ್ನ ಅವಳು ಮಲಗಿದ್ದಳು. ಟಿಕೆಟ್ ಕಂಡರೆ ಹಟ ಕರಗೀತೆಂದು ಬಸ್ ನಿಲ್ದಾಣಕ್ಕೆ ಹೊರಟೆ. ಹೋಗುವಾಗ ಹೊರಗಿನ ಚಿಲಕಕ್ಕೆ ನನ್ನ ಏಳು ಲಿವರಿನ ಬೀಗ ಜಡಿದೆ. ಎದುರುಮನೆಯ ಕೀಲಿ ಇನ್ನು ಮೊಳೆಯಲ್ಲೇ ತುಕ್ಕು ಹಿಡಿಯಲಿ ಎಂದು ಖುಷಿಯೂ ಪಟ್ಟೆ. ನನ್ನ ಕೀಲಿಯನ್ನು ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡೆ. ಮಾರುಕಟ್ಟೆ ದಾಟುವಾಗ ಹಿಂದಿನಿಂದ, "ಯಜಮಾನ್ರೇ, ನಿಲ್ಲಿ! ನಿಲ್ಲೀ ಅಂದ್ರೆ!" ಎಂಬ ಕೂಗು. ತಿರುಗಿದರೆ ಕೆಂಪು ಟೋಪಿಯವನು ನನ್ನತ್ತಲೇ ಓಡಿ ಬರುತ್ತಿದ್ದಾನೆ. ಕೊನೆಗೂ ಬಣ್ಣ ಬಯಲಾಯಿತು ಎಂದುಕೊಂಡು ಕಾಲಿಗೆ ಬುದ್ಧಿ ಹೇಳಿದೆ. ನಗಬೇಡ, ಈ ವಯಸ್ಸಿನಲ್ಲೂ ಸಂದಿಗೊಂದಿ ದಾಟಿ ಓಡಿದೆ. ಒಂದು ಬೇಕರಿಗೆ ನುಗ್ಗಿ ಹಿಟ್ಟಿನ ಮೂಟೆಗಳ ಹಿಂದೆ ಕೂತೆ.

ಅಲ್ಲಿಗೂ ಬಂದ. ಏದುಸಿರು ಬಿಡುತ್ತ, "ನಿಮ್ಮ ಮಗಳಿಗೆ ನೋವು ಶುರುವಾಗಿದೆ, ಒಳಗಿಂದ ಕೂಗ್ತಾ ಇದ್ದಾಳೆ. ಬೀಗ ತೆಗೆಯೋಕೆ ಆಗ್ತಿಲ್ಲ, ಕೀಲಿ ಕೊಡಿ," ಎಂದು ಕೈ ಚಾಚಿದ. ಕೇಳು ಇವಳೇ, ಆಗಲೂ ನಾನು ಕೊಡಲಿಲ್ಲ. ಇನ್ನೂ ತಿಂಗಳಿದೆಯಲ್ಲ, ಇದೂ ಒಂದು ಆಟವಿರಬೇಕು ಎನಿಸಿತು. ಜೇಬು ಒತ್ತಿ ಹಿಡಿದುಕೊಂಡೇ ಅವನ ಹಿಂದೆ ಬಂದೆ. ಬೀದಿಯ ತಿರುವಿನಲ್ಲಿ ಮಗಳು "ಅಮ್ಮಾ" ಎಂದು ಚೀರಿದ್ದು ಕೇಳಿಸಿತು. ಓಡಿದೆ. ಬೀದಿಗೆ ಬೀದಿಯೇ ಬಾಗಿಲ ಮುಂದೆ ನೆರೆದಿತ್ತು. ಹೊಲಿಗೆಯಾಕೆ ಕಿಟಕಿಯ ಸರಳುಗಳ ನಡುವೆ ತೋಳು ತೂರಿಸಿ ಮಗಳ ಕೈ ಹಿಡಿದುಕೊಂಡಿದ್ದಳು. ಒಬ್ಬ ಕಲ್ಲಿನಿಂದ ಬೀಗ ಜಜ್ಜುತ್ತಿದ್ದ, ಇನ್ನೊಬ್ಬ ಸೂಜಿ ಆಡಿಸುತ್ತಿದ್ದ. ಒಬ್ಬರಿಗೂ ಬೀಗ ಒಡೆಯುವ ಅಆಇಈ ಗೊತ್ತಿರಲಿಲ್ಲ. ಕಳ್ಳರ ಊರಿನಲ್ಲಿ ಬೀಗ ತೆಗೆಯಬಲ್ಲವನು ಒಬ್ಬನೇ ಒಬ್ಬನಿದ್ದ, ಅವನು ಬೇಕರಿಯಲ್ಲಿ ಮೂಟೆಯ ಹಿಂದೆ ಅವಿತಿದ್ದ. ಪಿನ್ನು ಬಿಚ್ಚುವಷ್ಟು ವ್ಯವಧಾನವಿರಲಿಲ್ಲ. ಜೇಬನ್ನೇ ಹರಿದು ಕೀಲಿಯನ್ನು ಕೆಂಪು ಟೋಪಿಯವನ ಕೈಗಿಟ್ಟೆ. ಅವನೇ ಬಾಗಿಲು ತೆಗೆದ.

ಅವನ ಲಾರಿಯಲ್ಲೇ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಗಳ ತಲೆ ಹೊಲಿಗೆಯಾಕೆಯ ತೊಡೆಯ ಮೇಲಿತ್ತು. ಯಾರೂ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಾಗೆಂದು ನಾನು ತೀರ ಬದಲಾದೆ ಎಂದುಕೊಳ್ಳಬೇಡ, ಹುಟ್ಟುಗುಣ ಸುಟ್ಟರೂ ಹೋಗದು. ಸಂಜೆ ಆಸ್ಪತ್ರೆಯ ಬೆಂಚಿನಲ್ಲಿ ಕೆಂಪು ಟೋಪಿಯವನು ಕಾಫಿ ತಂದುಕೊಟ್ಟಾಗ ಮೂಸಿ ನೋಡಿಯೇ ಕುಡಿದೆ. ಆದರೆ ಮಗಳನ್ನು ಇಲ್ಲಿಂದ ಕರೆತರುವ ಮಾತನ್ನು ನಾನಿನ್ನು ಎತ್ತುವುದಿಲ್ಲ. ಕೊಟ್ಟ ಮಾತಿಗೆ ತಪ್ಪಿದೆನೆಂದು ನೀನು ಬೈದರೆ ಬೈಸಿಕೊಳ್ಳುತ್ತೇನೆ. ಮಂಡಿಗೆ ಮರೆಯದೆ ಎಣ್ಣೆ ಹಚ್ಚು.

ಇಂತಿ,
ನಿನ್ನ ಬಾಯಲ್ಲಿ ‘ಅನುಮಾನದ ಪಿಶಾಚಿ’ ಎನಿಸಿಕೊಂಡವನು

ವಿ.ಸೂ.: ಹೆಣ್ಣು ಮಗು. ಸ್ವಲ್ಪ ಸಣ್ಣಗಿದೆ, ಆದರೆ ಆಸ್ಪತ್ರೆಗೆಲ್ಲ ಕೇಳುವಂತೆ ಅಳುತ್ತದೆ. ಇಬ್ಬರೂ ಚೆನ್ನಾಗಿದ್ದಾರೆ, ಮಗಳು ನಿನ್ನನ್ನೇ ಕೇಳುತ್ತಿದ್ದಾಳೆ. ಲಾರಿ ಹೊರಟು ನಿಂತಿದೆ, ಹಾರನ್ ಹೊಡೆಯುತ್ತಿದ್ದಾನೆ, ಬೇಗ ಮುಗಿಸುತ್ತೇನೆ. ಈ ಪತ್ರ ತಂದವನೇ ಕೆಂಪು ಟೋಪಿಯವನು. ನೀನು ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ಪತ್ರ ಇಸಿದುಕೊಂಡಿರುತ್ತೀಯ, ನಾನೇ ಕಲಿಸಿದ ಪಾಠವಲ್ಲವೇ? ನೀನು ಇದನ್ನು ಓದುತ್ತಿರುವಾಗ ಅವನು ಹೊರಗೇ ನಿಂತಿರುತ್ತಾನೆ. ಒಳಗೆ ಕರೆದು ಊಟ ಹಾಕು. ಮನೆಯ ಕೀಲಿಯನ್ನು ನಮ್ಮ ಎದುರುಮನೆಯವರಿಗೆ ಕೊಟ್ಟು ಅವನ ಲಾರಿಯಲ್ಲೇ ಬಾ. ಮೊದಲು ಸರಪಳಿ ತೆಗೆ.